ರಿಚರ್ಡ್ ಸ್ಟ್ರಾಸ್‌ನ ಆರ್ಕೆಸ್ಟ್ರಾ ಕೃತಿ 'ಜರಾಥುಸ್ತ್ರ' (1896): ರೈನರ್ ರೆಕಾರ್ಡಿಂಗ್ ಒಳ್ಳೆಯದಾ, ಕಾರಾಯಾನ್‌ದಾ?

ಒಂದೇ ಆರಿಸಬೇಕು ಅಂದ್ರೆ ನನ್ನ ಮತ ಕಂಡಕ್ಟರ್ (ವಾದ್ಯವೃಂದ ನಡೆಸುವವರು) ಫ್ರಿಟ್ಜ್ ರೈನರ್ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಜೊತೆ 1954ರಲ್ಲಿ ಮಾಡಿದ ರೆಕಾರ್ಡಿಂಗ್‌ಗೆ. ಸ್ಟೀರಿಯೊ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ ಅದು. ಟೇಪಿನ ಸಣ್ಣ ಸುಯ್ ಸದ್ದು ಇದೆ, ನಿಜ. ಆದರೆ ರೈನರ್ ಎಲ್ಲೂ ಸುಮ್ನೆ ಎಳೆಯುವುದಿಲ್ಲ, ಒಂದೊಂದು ವಾದ್ಯದ ದನಿಯೂ ಬಿಡಿಯಾಗಿ ಕೇಳುತ್ತದೆ.

ಇನ್ನೊಬ್ಬ ಕಂಡಕ್ಟರ್ ಕಾರಾಯಾನ್ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ 1973ರಲ್ಲಿ ಮಾಡಿದ್ದರ ರುಚಿಯೇ ಬೇರೆ. ತಂತಿವಾದ್ಯಗಳು ತುಂಬಿಕೊಂಡು, ನುಣುಪಾಗಿ ಹರಿಯುತ್ತವೆ. ಕೆಲವು ಕಡೆ ನುಣುಪು ಸ್ವಲ್ಪ ಜಾಸ್ತಿಯೇ ಆಯಿತು.

ಹೋಲಿಸುವಾಗ ಎಲ್ಲರಿಗೂ ಗೊತ್ತಿರುವ ಟ್ರಂಪೆಟ್ ಆರಂಭಕ್ಕೇ ನಿಲ್ಲಬೇಡಿ. ಅಲ್ಲಿ ಯಾರು ನುಡಿಸಿದರೂ ಮೈ ಜುಮ್ಮೆನ್ನುತ್ತದೆ, ಅಲ್ವಾ? ನಡುವಿನ 'ವಿಜ್ಞಾನದ ಬಗ್ಗೆ' ಭಾಗ ಕೇಳಿ. ಅಲ್ಲಿ ಫ್ಯೂಗ್ (ಒಂದೇ ಧುನ್ ಅನ್ನು ವಾದ್ಯಗಳು ಒಂದರ ಹಿಂದೆ ಒಂದು ಎತ್ತಿಕೊಳ್ಳುವ ರಚನೆ) ಚೆಲ್ಲೊ, ಡಬಲ್ ಬೇಸ್‌ಗಳ ಕೆಳಸ್ಥಾಯಿಯಲ್ಲಿ ಶುರುವಾಗುತ್ತದೆ. ರೆಕಾರ್ಡಿಂಗ್ ಸುಮಾರಾಗಿದ್ದರೆ ಬರೀ ಗುಂಯ್ ಅನ್ನುವ ಸದ್ದು. ಆಮೇಲೆ ಕೊನೆ: ಮೇಲೆ ಬಿ ಮೇಜರ್ ಸ್ವರಮೇಳ, ಕೆಳಗೆ ಬೇಸ್ ತಂತಿ ಮೀಟಿದ ಸಿ ಸ್ವರ. ಎರಡೂ ರಾಜಿಯಾಗುವುದೇ ಇಲ್ಲ. ಆ ಜಗಳ ರೈನರ್ ರೆಕಾರ್ಡಿಂಗ್‌ನಲ್ಲಿ ಹೆಚ್ಚು ಸ್ಪಷ್ಟ.

ಹೆಡ್‌ಫೋನಿನಲ್ಲೇ ಕೇಳಿ. ಫೋನ್ ಸ್ಪೀಕರಿನಲ್ಲಿ ಆರ್ಗನ್ನಿನ ಆಳದ ಸ್ವರ ಸಿಗುವುದಿಲ್ಲ. ರೈನರ್ 1962ರಲ್ಲಿ ಇದನ್ನೇ ಮತ್ತೊಮ್ಮೆ ರೆಕಾರ್ಡ್ ಮಾಡಿದ್ದಾರೆ, ಹುಡುಕುವಾಗ ಇಸವಿ ನೋಡಿಕೊಳ್ಳಿ.