ಅಮ್ಮನಿಗೆ ಇನ್ನೂ ನಿಜ ಹೇಳಿಲ್ಲ

ಪ್ರಶ್ನೆ: ನಮ್ಮದು ಮುಳಬಾಗಿಲು ಹತ್ತಿರದ ಹಳ್ಳಿ. ಅಪ್ಪನಿಗೆ ಸ್ಟ್ರೋಕ್ ಆಯಿತು, ಹಿಂದೆಯೇ ನ್ಯುಮೋನಿಯಾ ಬಂತು. ಕೋಲಾರದ ಒಂದು ಆಸ್ಪತ್ರೆಯ ಐಸಿಯುನಲ್ಲಿ 11 ದಿನದಿಂದ ವೆಂಟಿಲೇಟರ್ ಮೇಲಿದ್ದಾರೆ. ಡಾಕ್ಟರ್ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ಅಮ್ಮನಿಗೆ ತೆಲುಗಿನಲ್ಲಿ ಹೇಳುವವಳು ನಾನು. ಅವರು 'ಕ್ರಿಟಿಕಲ್' ಅಂದರೆ ನಾನು 'ಪರವಾಗಿಲ್ಲಂತೆ' ಅಂದುಬಿಡುತ್ತೇನೆ. ಈಗ ಕತ್ತಿನಲ್ಲಿ ತೂತು ಮಾಡಿ ಪೈಪ್ ಹಾಕಬೇಕು, ಸಹಿ ಮಾಡಿ ಅಂತಿದ್ದಾರೆ. ಅಮ್ಮನಿಗೆ ಬಿಪಿ ಇದೆ, ಏನೂ ಹೇಳಬೇಡ ಅಂತಾನೆ ಅಣ್ಣ. ಏನು ಮಾಡಲಿ?

ಉತ್ತರ: ತಂಗಿ, ಇಷ್ಟು ದಿನ ಇದನ್ನು ಒಬ್ಬರೇ ಹೊತ್ತಿದ್ದೀರಿ. ಅಮ್ಮನ ಮೇಲಿನ ಪ್ರೀತಿಗೇ ಹಾಗೆ ಹೇಳಿದಿರಿ, ನನಗೆ ಅರ್ಥವಾಗುತ್ತದೆ. ಆದರೆ ಇನ್ನು ತಡ ಮಾಡಬೇಡಿ, ಹೇಳಿಬಿಡಿ. ಐಸಿಯು ಬಾಗಿಲ ಹೊರಗೆ ಚಾಪೆ ಹಾಸಿಕೊಂಡು ಕೂತ ತಾಯಿಗೆ ಮಗಳ ಮುಖ ನೋಡಿದರೆ ಗೊತ್ತಾಗಲ್ವಾ? ಅರ್ಧ ಆಗಲೇ ಗೊತ್ತಾಗಿರುತ್ತದೆ. ಕೇಳೋಕೆ ಹೆದರಿ ಸುಮ್ನೆ ಕೂತಿರುತ್ತಾರೆ. ಊಟ ಮಾಡಿಸಿ, ಬಿಪಿ ಮಾತ್ರೆ ಕೊಟ್ಟು, ಆಮೇಲೆ ಮಾತು ತೆಗೆಯಿರಿ.

ಅದಕ್ಕೂ ಮುಂಚೆ ನರ್ಸ್ ಹತ್ತಿರ ಹೋಗಿ, 'ಡಾಕ್ಟರ್ ಜೊತೆ ಹತ್ತು ನಿಮಿಷ ಕೂತು ಮಾತಾಡಬೇಕು, ಅಮ್ಮ, ಅಣ್ಣ ಇಬ್ಬರೂ ಇರ್ತಾರೆ' ಅಂತ ಕೇಳಿ. ಕಾಯಿಲೆ ಏನು, ಚಿಕಿತ್ಸೆ ಏನು ಅಂತ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ನಿಮ್ಮ ಹಕ್ಕು. ಕೋಲಾರದ ಆಸ್ಪತ್ರೆಯಲ್ಲಿ ತೆಲುಗು ಬರುವ ನರ್ಸ್ ಸಿಗದೇ ಇರುವುದಿಲ್ಲ. ಅವರ ಬಾಯಿಂದಲೇ ಅಮ್ಮನಿಗೆ ಹೇಳಿಸಿ. ಆಗ ನೀವು ಮಗಳಾಗಿ ಪಕ್ಕದಲ್ಲಿ ಕೂತರೆ ಸಾಕು.

ಆ ತೂತಿಗೆ ಟ್ರಕಿಯಾಸ್ಟಮಿ ಅಂತಾರೆ. ಬಾಯಲ್ಲಿ ಪೈಪ್ ಹಾಕಿ ವಾರ, ಹತ್ತು ದಿನ ದಾಟಿದರೆ ಈ ಮಾತು ಬರುವುದು ಸಾಮಾನ್ಯ. ಬಾಯಿ ಖಾಲಿಯಾಗುತ್ತದೆ, ಕಫ ತೆಗೆಯುವುದು ಸುಲಭ, ಮಂಪರಿನ ಔಷಧಿಯೂ ಕಡಿಮೆ ಸಾಕಾಗಬಹುದು. ಹುಷಾರಾದರೆ ಮುಂದೆ ಪೈಪ್ ತೆಗೆಯಬಹುದು, ತೂತೂ ಮುಚ್ಚಿಕೊಳ್ಳುತ್ತದೆ. ಆದರೆ ಸ್ಟ್ರೋಕ್‌ನಿಂದ ಮಿದುಳಿಗೆ ಆದ ಪೆಟ್ಟನ್ನು ಅದು ವಾಸಿ ಮಾಡುವುದಿಲ್ಲ. ಹಾಗಾಗಿ ನೇರವಾಗಿ ಕೇಳಿ: ಎಲ್ಲ ಸರಿಹೋದರೆ ಮೂರು ತಿಂಗಳಿಗೆ ಅಪ್ಪ ಹೇಗಿರಬಹುದು? ನಮ್ಮ ಗುರುತು ಹಿಡಿಯುತ್ತಾರಾ? ಇದನ್ನು ಮಾಡಿಸದಿದ್ದರೆ ಏನಾಗುತ್ತದೆ? ಅವರು ಹೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ, 'ಸರಿಯಾಗಿ ತಿಳ್ಕೊಂಡಿದೀನಾ ಸಾರ್?' ಅಂತ ಖಾತ್ರಿ ಮಾಡಿಕೊಳ್ಳಿ. ಆ ಗಾಬರಿಯಲ್ಲಿ ಎಷ್ಟೋ ಮಾತು ತಲೆಗೆ ಹೋಗುವುದಿಲ್ಲ.

ಇನ್ನು ಅಣ್ಣನಿಗೆ ಒಂದು ಮಾತು. ಅಪ್ಪನ ಮನಸ್ಸು ಅಮ್ಮನಿಗೆ ಗೊತ್ತಿರುವಷ್ಟು ನಿಮ್ಮಿಬ್ಬರಿಗೆ ಗೊತ್ತಾ? ಈಗ ಅಪ್ಪ ಮಾತಾಡುವ ಹಾಗಿದ್ದರೆ ಏನು ಬೇಕು ಅಂತಿದ್ದರು ಅಂತ ಅಮ್ಮನನ್ನೇ ಕೇಳಬೇಕು. ಅಮ್ಮನನ್ನು ಹೊರಗಿಟ್ಟರೆ ಅಪ್ಪನ ಪರವಾಗಿ ಮಾತಾಡುವವರೇ ಇಲ್ಲದ ಹಾಗಾಗುತ್ತದೆ. ಮುಂದೆ ವೆಂಟಿಲೇಟರ್ ನಿಲ್ಲಿಸುವ ಮಾತು ಬಂದರೂ ಅದು ನಿಮ್ಮೊಬ್ಬರ ಸಹಿಯಿಂದ ಆಗುವುದಲ್ಲ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ನಿಯಮದ ಪ್ರಕಾರ ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಬೇಕು.

ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ. ಮುಖ ಊದಿರಬಹುದು, ಪೈಪ್ ಕಿತ್ತುಕೊಳ್ಳದಿರಲಿ ಅಂತ ಕೈ ಕಟ್ಟಿರಬಹುದು. ಇದನ್ನೆಲ್ಲ ಬಾಗಿಲಲ್ಲೇ ಹೇಳಿಬಿಡಿ. ಅಪ್ಪ ಉತ್ತರ ಕೊಡದಿದ್ದರೂ ಕೇಳಿಸುತ್ತಿರಬಹುದು. ಅಮ್ಮ ಕೈ ಹಿಡಿದುಕೊಂಡು ಹಸು ಕರುವಿನ ವಿಷಯ, ತೋಟದ ವಿಷಯ ಹೇಳಲಿ, ಮನೆಯಲ್ಲಿ ಮಾತಾಡುವ ತೆಲುಗಿನಲ್ಲೇ.