ಓದುಗರ ಪ್ರಶ್ನೆ: ಜೊತೆ ಗಾಡಿಯಿಲ್ಲದೆ ಸ್ಪಿತಿಗೆ

ಹಿಮಾಚಲದ ಸ್ಪಿತಿ ಕಣಿವೆಗೆ ಒಬ್ಬರೇ ಗಾಡಿ ಓಡಿಸಿಕೊಂಡು ಹೋಗಿ, ದಾರಿಯಲ್ಲಿ ಟೆಂಟ್ ಹಾಕಿ ಬರುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ 18 ದಿನ ರಜೆ ಇದೆ. ಜಿಮ್ನಿ ಜೀಪಿನಲ್ಲಿ ಒಬ್ಬನೇ ಹೊರಡುತ್ತೇನೆ. ಮನಾಲಿಯಲ್ಲಿ ಒಂದು ರಾತ್ರಿ ಮಲಗಿ ಮರುದಿನ ಚಂದ್ರತಾಲ್‌ನಲ್ಲಿ ಟೆಂಟ್ ಹಾಕಿದರೆ ಹೇಗೆ? — ಹಾಸನದ ಓದುಗರು

ಬೇಡ. ಮನಾಲಿ ಇರುವುದು ಸುಮಾರು 2,050 ಮೀಟರ್ ಎತ್ತರದಲ್ಲಿ, ಚಂದ್ರತಾಲ್ ಕೆರೆ 4,250ರ ಆಸುಪಾಸು. ಒಂದೇ ದಿನಕ್ಕೆ 2,200 ಮೀಟರ್ ಏರಿ ಅಲ್ಲೇ ಮಲಗಿದರೆ ನಡುರಾತ್ರಿ ತಲೆ ಸಿಡಿಯುವುದು, ವಾಂತಿ ಬರುವುದು ಸಾಮಾನ್ಯ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಸುಮಾರು ಶೇ 60 ಮಾತ್ರ. ಜೊತೆಯಲ್ಲಿ ಯಾರಾದರೂ ಇದ್ದರೆ ಕೆಳಗಿಳಿಸಿಯಾರು. ತಲೆ ತಿರುಗುತ್ತಿರುವಾಗ ಆ ದಾರಿಯಲ್ಲಿ ನೀವೇ ಸ್ಟಿಯರಿಂಗ್ ಹಿಡಿಯಲಾಗದು.

ಸುತ್ತನ್ನು ತಿರುಗಿಸಿ ಹಾಕಿ. ಶಿಮ್ಲಾ ಕಡೆಯಿಂದ ಏರಿ ಮನಾಲಿ ಕಡೆಗೆ ಇಳಿಯಿರಿ. ರಾತ್ರಿ ತಂಗುವ ಜಾಗಗಳು ಹೀಗಿರಲಿ: ನಾರ್ಕಂಡ (2,700 ಮೀ.), ಕಲ್ಪ (2,960), ತಾಬೊ (3,280), ಕಾಜಾ (3,650) ಎರಡು ರಾತ್ರಿ, ಲೋಸರ್ (ಸುಮಾರು 4,000), ಆಮೇಲೆ ಚಂದ್ರತಾಲ್. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ವೈದ್ಯರ ಲೆಕ್ಕ. ಹಗಲಲ್ಲಿ ಎಷ್ಟು ಎತ್ತರಕ್ಕೆ ಹೋಗಿ ಬಂದಿರಿ ಎಂಬುದಕ್ಕಿಂತ ಎಲ್ಲಿ ಮಲಗಿದಿರಿ ಎಂಬುದೇ ಮುಖ್ಯ. ಎತ್ತರದ ಕಾಯಿಲೆ ತಡೆಯಲು ನುಂಗುವ ಡಯಾಮಾಕ್ಸ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದವರಂತೂ ಅದನ್ನು ಮೊದಲೇ ಹೇಳಬೇಕು.

ಊರಿಂದ ಚಂಡೀಗಢ ಮುಟ್ಟಲು ನಾಲ್ಕು ದಿನ, ವಾಪಸ್ ನಾಲ್ಕು ದಿನ ಹಿಡಿಯಿರಿ. ಉಳಿದ ಹತ್ತರಲ್ಲಿ ಎಂಟು ಮೇಲಿನ ಸುತ್ತಿಗೆ, ಎರಡು ಖಾಲಿ. ಆ ಎರಡು ದಿನಕ್ಕೆ ಬೇರೆ ಊರು ಸೇರಿಸಬೇಡಿ. 2018ರ ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ಹಠಾತ್ ಹಿಮ ಬಿದ್ದು ಲಾಹೌಲ್–ಸ್ಪಿತಿಯಲ್ಲಿ ನೂರಾರು ಜನ ಸಿಕ್ಕಿಬಿದ್ದಿದ್ದರು. ಕಾಜಾದಲ್ಲಿರುವಾಗಲೇ ಹಿಮದ ಮುನ್ಸೂಚನೆ ಬಂದರೆ ಕುಂಜುಮ್ ಪಾಸ್ (ಸುಮಾರು 4,550 ಮೀ.) ಬಿಟ್ಟು ಬಂದ ದಾರಿಯಲ್ಲೇ ಕಿನ್ನೌರ್ ಮೂಲಕ ಇಳಿದುಬಿಡಿ.

ಇನ್ನೊಂದು ವಿಷಯ ನಕ್ಷೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಚಂದ್ರತಾಲ್‌ನಲ್ಲಿ ಮೈ ಕೆಟ್ಟರೆ ಕಾಜಾ ಆಸ್ಪತ್ರೆಗೆ ಹೋಗೋಣ ಎನಿಸುತ್ತದೆ. ಆದರೆ ಅತ್ತ ಹೋಗಲು ಮೊದಲು ಕುಂಜುಮ್ ಏರಬೇಕು, ಅಂದರೆ ಇನ್ನೂ 300 ಮೀಟರ್ ಮೇಲಕ್ಕೆ. ಮನಾಲಿ ದಾರಿಯ ಬಾತಲ್ ದಾಟಿ ಛತ್ರು ಕಡೆಗೆ ಹೋದರೆ ದಾರಿ ಇಳಿಯುತ್ತಲೇ ಹೋಗುತ್ತದೆ. ಇಳಿಯಬೇಕಾದದ್ದು ಆ ಕಡೆಗೆ, ಅದೂ ಬೇರೆಯವರ ಕೈಗೆ ಸ್ಟಿಯರಿಂಗ್ ಕೊಟ್ಟು. ಆದ್ದರಿಂದ ಒಂಟಿ ಮೂಲೆ ಹುಡುಕಬೇಡಿ. ಕೆರೆಯ ದಡದಲ್ಲಿ ಟೆಂಟ್ ಹಾಕಲು ಹೇಗೂ ಬಿಡುವುದಿಲ್ಲ. ಕೆಲವು ಕಿಲೋಮೀಟರ್ ಈಚೆ ಇರುವ ಕ್ಯಾಂಪ್‌ಗಳ ಪಕ್ಕ ಜಾಗ ಕೇಳಿ ಹಾಕಿಕೊಳ್ಳಿ.

ಪ್ರಶ್ನೆ: ಗಾಡಿ ಹೂತರೆ ಎಳೆಯಲು ಕೈನೆಟಿಕ್ ಹಗ್ಗ, ಹೈಲಿಫ್ಟ್ ಜಾಕ್, ವಿಂಚ್ (ಮೋಟಾರಿನಿಂದ ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಎಲ್ಲ ತೆಗೆದುಕೊಳ್ಳಬೇಕೆ? ಒಟ್ಟು ಲಕ್ಷ ದಾಟುತ್ತಿದೆ. — ಹುಬ್ಬಳ್ಳಿಯಿಂದ

ಹಗ್ಗದ ಇನ್ನೊಂದು ತುದಿಗೆ ಎರಡನೇ ಗಾಡಿ ಬೇಕು. ವಿಂಚ್‌ಗೆ ಮರ ಬೇಕು. ಸ್ಪಿತಿ ಶೀತ ಮರುಭೂಮಿ, ಮೇಲಿನ ಭಾಗದಲ್ಲಿ ವಿಂಚ್ ಕಟ್ಟುವಂಥ ಮರವೇ ಇಲ್ಲ. ಹೈಲಿಫ್ಟ್ ಜಾಕ್‌ಗೆ ಉಕ್ಕಿನ ಬಂಪರ್ ಬೇಕು. ಕಂಪನಿಯ ಪ್ಲಾಸ್ಟಿಕ್ ಬಂಪರಿಗೆ ಕೊಟ್ಟರೆ ಬಂಪರೇ ಕಿತ್ತು ಬರುತ್ತದೆ. ಮೂರೂ ಬಿಡಿ.

ಒಬ್ಬರ ಕೈಯಲ್ಲಿ ಆಗುವ ಕೆಲಸಕ್ಕೆ ಬೇಕಾದದ್ದು ಇಷ್ಟು: ಗಟ್ಟಿ ಸಲಿಕೆ, ಒಂದು ಜೊತೆ ಟ್ರ್ಯಾಕ್ಷನ್ ಬೋರ್ಡ್ (ಹೂತ ಗಾಲಿಗೆ ಹಿಡಿತ ಕೊಡುವ ಹಲಗೆ), ಎರಡು ಟನ್ನಿನ ಬಾಟಲ್ ಜಾಕ್, ಅದರ ಅಡಿಗೆ ಒಂದಡಿ ಚೌಕದ ದಪ್ಪ ಹಲಗೆ, ಗಾಲಿಗೆ ಒಡ್ಡಲು ಎರಡು ಅಡ್ಡಗಟ್ಟೆ, 12 ವೋಲ್ಟ್ ಕಂಪ್ರೆಸರ್, ಗಾಳಿ ನೋಡುವ ಗೇಜ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್. ದಾರಿಹೋಕ ಲಾರಿ ಎಳೆದುಕೊಡುವುದಾದರೆ ಎಂದು ಒಂದು ಸಾದಾ ಟೋ ಪಟ್ಟಿ, ಎರಡು ಡಿ-ಶ್ಯಾಕಲ್ (ಪಟ್ಟಿ ಸಿಕ್ಕಿಸುವ ಉಕ್ಕಿನ ಕೊಂಡಿ). ಪಟ್ಟಿಯನ್ನು ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸುವ ಗುಂಡಿಗೆ) ಎಂದಿಗೂ ಸಿಕ್ಕಿಸಬೇಡಿ. ಬಾಲ್ ಮುರಿದರೆ ಗುಂಡಿನ ಹಾಗೆ ಹಾರುತ್ತದೆ. ಚಾಸಿಗೆ ಬಿಗಿದ ಕೊಕ್ಕೆಗೇ ಹಾಕಿ.

ಗಾಡಿ ಹೂತಿತೆಂದರೆ ಆಕ್ಸಿಲರೇಟರ್ ಒತ್ತುತ್ತಾ ಕೂರಬೇಡಿ. ಒಂದೆರಡು ಸುತ್ತು ಗಾಲಿ ತಿರುಗಿ ಗಾಡಿ ಅಲುಗದಿದ್ದರೆ ಇಳಿಯಿರಿ. ಗಾಲಿಗಳ ನಡುವೆ ಆಕ್ಸಲ್ ಮೇಲಿರುವ ಡಿಫರೆನ್ಷಿಯಲ್ ಗುಂಡು ಮಣ್ಣಿಗೆ ತಾಗಿದೆಯೇ ನೋಡಿ, ತಾಗಿದ್ದರೆ ಮೊದಲು ಅದರಡಿಯ ಮಣ್ಣು ಬಿಡಿಸಿ. ಆಮೇಲೆ ಗಾಲಿಯ ಮುಂದೆ ಇಳಿಜಾರಾಗಿ ಕೆತ್ತಿ, ಬೋರ್ಡನ್ನು ಗಾಲಿಗೆ ಒತ್ತಿ ಸೇರಿಸಿ, 4ಎಲ್‌ನಲ್ಲಿ (ನಾಲ್ಕೂ ಗಾಲಿಗೆ ಬಲ ಕೊಡುವ ನಿಧಾನದ ಸ್ಥಿತಿ) ಎರಡನೇ ಗೇರ್ ಹಾಕಿ ನಿಧಾನ ಹತ್ತಿಸಿ. ಬಂದ ದಾರಿ ಗಟ್ಟಿಯಿದ್ದರೆ ಮುಂದಕ್ಕಿಂತ ಹಿಂದಕ್ಕೆ ಬರುವುದೇ ಸುಲಭ.

ಟೈರಿನ ಗಾಳಿಯ ಬಗ್ಗೆ ಪ್ರತ್ಯೇಕ ಪ್ರಶ್ನೆಯೂ ಬಂದಿದೆ: ಮೇಲೆ ಹೋದಂತೆ ಟೈರ್ ಒಡೆಯುತ್ತದೆಯೇ? ಇಲ್ಲ. ಬೆಂಗಳೂರಿಂದ 4,250 ಮೀಟರ್‌ಗೆ ಹೋದಾಗ ಹೊರಗಿನ ಗಾಳಿಯೊತ್ತಡ ಇಳಿದು ಗೇಜ್ ಸುಮಾರು 4.5 ಪಿಎಸ್‌ಐ ಹೆಚ್ಚು ತೋರಿಸಬೇಕು. ಆದರೆ 30 ಡಿಗ್ರಿಯಿಂದ ಸೊನ್ನೆಗೆ ಬಂದ ಚಳಿ ಹೆಚ್ಚೂಕಡಿಮೆ ಅಷ್ಟನ್ನೇ ಇಳಿಸುತ್ತದೆ. ಬೆಳಿಗ್ಗೆ ತಣ್ಣಗಿರುವಾಗ ನೋಡಿ ಸರಿಮಾಡಿಕೊಂಡರೆ ಸಾಕು. ಕಲ್ಲುದಾರಿಗೆ 22ರಿಂದ 24 ಪಿಎಸ್‌ಐ ಹಿತ. ಇನ್ನೂ ಇಳಿಸಿದರೆ ಪಕ್ಕದ ಗೋಡೆ ಉಬ್ಬಿ ಚೂಪುಕಲ್ಲಿಗೆ ಸಿಗುತ್ತದೆ, ಪಕ್ಕ ಸೀಳಿದರೆ ಪಂಕ್ಚರ್ ಕಿಟ್ ಕೆಲಸಕ್ಕೆ ಬಾರದು, ಇರುವುದು ಒಂದೇ ಸ್ಟೆಪ್ನಿ. ಮರಳಿನಲ್ಲಿ ಹೂತಾಗ ಮಾತ್ರ 16–18ಕ್ಕೆ ಇಳಿಸಿ, ಹೊರಬಂದ ಕೂಡಲೇ ತುಂಬಿ. ಸ್ಟೆಪ್ನಿಯ ಗಾಳಿಯನ್ನು ಹೊರಡುವ ಮುನ್ನ ಯಾರೂ ನೋಡುವುದಿಲ್ಲ, ನೀವು ನೋಡಿ.

ಪ್ರಶ್ನೆ: ಬಾತಲ್–ಛತ್ರು ನಡುವೆ ದಾರಿಗೆ ಅಡ್ಡ ಹರಿಯುವ ನಾಲಾಗಳನ್ನು (ತೊರೆಗಳನ್ನು) ದಾಟುವುದು ಹೇಗೆ? — ಶಿವಮೊಗ್ಗ

ಬೆಳಿಗ್ಗೆ ಬೇಗ. ಅದು ಹಿಮ ಕರಗಿ ಬರುವ ನೀರು. ರಾತ್ರಿ ಚಳಿಗೆ ಕರಗುವುದು ನಿಂತು ನಸುಕಿಗೆ ತೀರಾ ಇಳಿದಿರುತ್ತದೆ, ಮಧ್ಯಾಹ್ನದ ಮೇಲೆ ಏರುತ್ತಾ ಹೋಗುತ್ತದೆ. ಚಂದ್ರತಾಲ್‌ನಿಂದ ಆರಕ್ಕೆ ಹೊರಟವರು ಮೊಣಕಾಲು ಮುಟ್ಟದ ನೀರಲ್ಲಿ ದಾಟಿದ ಜಾಗವೇ ಸಂಜೆ ನಾಲ್ಕಕ್ಕೆ ಬಂದವರಿಗೆ ದಾಟದಂತಾಗಬಹುದು.

ಮೊದಲು ನಿಲ್ಲಿಸಿ, ಎದುರಿಂದ ಇನ್ನೊಂದು ಗಾಡಿ ದಾಟುವುದನ್ನು ನೋಡಿ. ನೀರು ಅದರ ಗಾಲಿಯ ನಡುಬಿಂದು ಮುಟ್ಟಿತೇ? ಜಿಮ್ನಿಗೆ ಅದು ಸುಮಾರು 35 ಸೆಂ.ಮೀ., ಅಷ್ಟಕ್ಕೇ ಮಿತಿ ಇಟ್ಟುಕೊಳ್ಳಿ. ಯಾರೂ ಬರದಿದ್ದರೆ ಕಾಯಿರಿ. ನೀರಿಗಿಳಿದು ಆಳ ನೋಡುವುದಾದರೆ ಕೋಲು ಹಿಡಿದು, ಮೊಣಕಾಲಿನವರೆಗೆ ಮಾತ್ರ. ಹರಿವು ಕಾಲೆಳೆದರೆ ಗಾಡಿಯನ್ನೂ ಎಳೆಯುತ್ತದೆ. 4ಎಲ್, ಎರಡನೇ ಗೇರ್, ಒಂದೇ ವೇಗ, ನಡುವೆ ಕ್ಲಚ್ ಮುಟ್ಟಬಾರದು. ನೀರಿನ ಮಧ್ಯೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ನುಗ್ಗಿದ್ದರೆ ಪಿಸ್ಟನ್ ಅದನ್ನು ಅದುಮಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ತೆರೆದು ನೋಡಿ. ಒದ್ದೆಯಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಹಾಕುವವರೆಗೆ ಕೀ ತಿರುಗಿಸಬಾರದು.

ಪ್ರಶ್ನೆ: ಅಡುಗೆಗೆ ಏನು ಒಯ್ಯಲಿ? ಅನ್ನ, ಸಾರು ಇಲ್ಲದೆ ನನಗಾಗದು. — ಮೈಸೂರು

ಚಂದ್ರತಾಲ್‌ನಲ್ಲಿ ನೀರು 86 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಗಂಟೆಗಟ್ಟಲೆ ಇಟ್ಟರೂ ಬೇಳೆಯಾಗಿಯೇ ಇರುತ್ತದೆ, ಗ್ಯಾಸ್ ಮಾತ್ರ ತೀರುತ್ತದೆ. ಎರಡು ಲೀಟರಿನ ಕುಕ್ಕರ್ ಒಯ್ಯಿರಿ, ಜೊತೆಗೆ ಹೆಸರುಬೇಳೆ. ಕುಕ್ಕರ್ ಬೇಡವೆಂದರೆ ಅವಲಕ್ಕಿ, ಹುರಿದ ರವೆ, ಶ್ಯಾವಿಗೆ ಸಾಕು. ಉಪ್ಪಿನಕಾಯಿಯ ಭರಣಿಯನ್ನು ಕೆಳಗೇ ಬಿಗಿಯಾಗಿ ಮುಚ್ಚಿ ತಂದಿದ್ದರೆ ಒಳಗಿನ ಒತ್ತಡಕ್ಕೆ ಎಣ್ಣೆ ಚೀಲಕ್ಕೆಲ್ಲ ಹರಿಯುತ್ತದೆ. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು, ಕಾಜಾದಲ್ಲಿ ಒಮ್ಮೆ ಮುಚ್ಚಳ ಸಡಿಲಿಸಿ.

ಗ್ಯಾಸ್ ಕ್ಯಾನಿಸ್ಟರ್ ಬರೀ ಬ್ಯೂಟೇನ್‌ನದ್ದು ಬೇಡ, ಸೊನ್ನೆಯ ಹತ್ತಿರ ಅದು ಆವಿಯಾಗದೆ ಉರಿ ಬೀಳುತ್ತದೆ. ಐಸೊಬ್ಯೂಟೇನ್–ಪ್ರೊಪೇನ್ ಮಿಶ್ರಣ ಕೇಳಿ, ರಾತ್ರಿ ಅದನ್ನು ಮಲಗುಚೀಲದೊಳಗೆ ಇಟ್ಟುಕೊಳ್ಳಿ. ಒಲೆಯನ್ನು ಟೆಂಟಿನೊಳಗೆ, ಗಾಡಿಯೊಳಗೆ ಹಚ್ಚಲೇಬಾರದು. ಉರಿಯಿಂದ ಬರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗುಚೀಲ ಕೊಳ್ಳುವಾಗ ಚೀಟಿಯ ಮೇಲಿನ ‘ಎಕ್ಸ್‌ಟ್ರೀಮ್’ ಅಂಕಿಗೆ ಮರುಳಾಗಬೇಡಿ, ಅದು ಜೀವ ಉಳಿಯುವ ಮಟ್ಟ. ‘ಕಂಫರ್ಟ್’ ಅಂಕಿ −5 ಇಲ್ಲವೇ ಅದಕ್ಕಿಂತ ಕೆಳಗಿರಲಿ.

ಪ್ರಶ್ನೆ: ಮೊಬೈಲ್ ಸಿಗ್ನಲ್ ಇಲ್ಲದ ಕಡೆಗೆ ವಿದೇಶದಿಂದ ಸ್ಯಾಟಲೈಟ್ ಮೆಸೆಂಜರ್ ತರಿಸಲೇ? — ಮಂಗಳೂರು

ತರಿಸಬೇಡಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ವಿಮಾನ ನಿಲ್ದಾಣದಲ್ಲೇ ಜನ ಸಿಕ್ಕಿಬಿದ್ದಿದ್ದಾರೆ. ಬದಲಿಗೆ ಕಾಜಾ ಬಿಡುವ ಮುನ್ನ ಮನೆಯವರಿಗೆ ಬರೆದು ಕಳಿಸಿ: ಯಾವ ದಾರಿ, ಎಲ್ಲಿ ಮಲಗುವುದು, ಗಾಡಿ ನಂಬರ್, ಯಾವ ದಿನ ಎಷ್ಟು ಹೊತ್ತಿಗೆ ಫೋನ್ ಬರಬೇಕು. ಆ ಹೊತ್ತು ದಾಟಿ ಎಷ್ಟು ತಾಸು ಕಾಯಬೇಕು, ಆಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದೂ ಅದರಲ್ಲಿರಲಿ. ಕಾಜಾ ಪೊಲೀಸ್ ಠಾಣೆಯ ನಂಬರನ್ನು ಅಲ್ಲೇ ಕೇಳಿ ಸೇರಿಸಿ. ಇಲ್ಲಿಂದ 112 ಒತ್ತಿದರೆ ಕರ್ನಾಟಕದ ಕೇಂದ್ರಕ್ಕೆ ಹೋಗುತ್ತದೆ.

ಪ್ರಶ್ನೆ: ಜೆರಿಕ್ಯಾನ್‌ನಲ್ಲಿ ಪೆಟ್ರೋಲ್ ಬೇಕೆ? — ಬೆಂಗಳೂರು

ಕಾಜಾದಲ್ಲಿ ಬಂಕ್ ಇದೆ, ಅಲ್ಲಿಂದ ಚಂದ್ರತಾಲ್ ನೋಡಿಕೊಂಡು ಮನಾಲಿಗೆ ಸುಮಾರು 230 ಕಿ.ಮೀ. ಲೀಟರಿಗೆ 9 ಕಿ.ಮೀ. ಎಂದು ಹಿಡಿದರೂ 26 ಲೀಟರ್. ಜಿಮ್ನಿ ಟ್ಯಾಂಕ್ 40. ಕ್ಯಾಬಿನ್ನಿನೊಳಗೆ ಪೆಟ್ರೋಲ್ ವಾಸನೆ ಕುಡಿಯುತ್ತಾ ಎತ್ತರ ಏರುವುದು ಬೇಡ. ಕಾಜಾದಲ್ಲಿ ಸ್ಟಾಕ್ ಇಲ್ಲದಿರುವುದೂ ಉಂಟು. ಹಾಗಾಗಿ ರೆಕಾಂಗ್ ಪಿಯೊ ಕೆಳಗಿನ ಪೊವಾರಿಯಲ್ಲೇ ಟ್ಯಾಂಕ್ ತುಂಬಿಸಿ, ಕಾಜಾ ಮುಟ್ಟಿದ ದಿನವೇ, ಮಾರನೆಯ ದಿನಕ್ಕೆ ಬಿಡದೆ, ಮತ್ತೆ ತುಂಬಿಸಿ.