ಕೊಕ್ಕರೆ ಬೆಳ್ಳೂರು: ಯಾವಾಗ ಹೋಗುವುದು, ಹೇಗೆ ನಡೆದುಕೊಳ್ಳುವುದು

ಹಕ್ಕಿಗಳು ಊರೊಳಗೇ ಗೂಡು ಕಟ್ಟುವ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಯಾವಾಗ ಹೋಗಲಿ, ಮನೆಗಳ ನಡುವೆ ಓಡಾಡಿದರೆ ಊರವರಿಗೆ ಬೇಸರವೇ ಎಂದು ಕೇಳಿದ್ದೀರಿ. ಫೆಬ್ರುವರಿ–ಮಾರ್ಚ್‌ನಲ್ಲಿ ಹೋಗಿ, ಬೆಳಿಗ್ಗೆ ಬೇಗ. ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತಿನ್ನಿಸುವುದು ಕಾಣುತ್ತದೆ. ಗೂಡುಗಳಿರುವುದು ಮನೆಯಂಗಳದ ಹುಣಸೆ, ಅರಳಿ ಮರಗಳಲ್ಲೇ. ಜಗಲಿಯಲ್ಲಿ ಕೂತವರನ್ನು ಮಾತಾಡಿಸಿ, ಕೇಳಿಯೇ ಒಳಗೆ ಕಾಲಿಡಿ. ಚಪ್ಪಾಳೆ, ಡ್ರೋನ್ ಬೇಡವೇ ಬೇಡ: ತಾಯಿಹಕ್ಕಿ ಬೆದರಿ ಎದ್ದರೆ ಮೊಟ್ಟೆ ಕಾಗೆ ಪಾಲು, ಪುಕ್ಕ ಬಾರದ ಮರಿ ಬಿಸಿಲಿಗೆ ಬಾಡುತ್ತದೆ. ಬಿದ್ದ ಮರಿ ಕಂಡರೆ ಮುಟ್ಟದೆ ಊರವರಿಗೆ ತಿಳಿಸಿ, ಆರೈಕೆ ಅವರಿಗೆ ಗೊತ್ತು. ಈ ಊರು ಸಮುದಾಯ ಮೀಸಲು ಪ್ರದೇಶ, ಅಂದರೆ ಊರವರೂ ಸೇರಿ ಕಾಯುವ ರಕ್ಷಿತ ಜಾಗ, ಆದದ್ದು 2007ರಲ್ಲಿ. ಜನ ಹಕ್ಕಿಗಳನ್ನು ಕಾಯುತ್ತಿದ್ದದ್ದು ಅದಕ್ಕೂ ಎಷ್ಟೋ ಮುಂಚಿನಿಂದ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡವರು ಅವರು. ಮರದಡಿ ನಿಲ್ಲುವುದಾದರೆ ಟೋಪಿ ಮರೆಯಬೇಡಿ.